ಹೊಟ್ಟೆಯ ರೂಢಿ ತಪ್ಪಿದಾಗ



ತುರೋರಿಯ ಕಟ್ಟೆಯ ಮೇಲೆ ಕೂತವರು ಮಳೆಯ ಬಗ್ಗೆ ಮಾತಾಡುತ್ತಾರೆ, ತೊಗರಿ-ಸೋಯಾಬೀನಿನ ದರದ ಬಗ್ಗೆ, ಮಗಳ ಮದುವೆಯ ಬಗ್ಗೆ, ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತಾರೆ. ಬೆಳಿಗ್ಗೆ ಚಂಬು ಹಿಡಿದು ಹೋಗಿಬಂದ ಕೆಲಸದ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಇಂದಿನ ನನ್ನ ಮಾತು ಅದರ ಬಗ್ಗೆಯೇ ಇದೆ. ಊಟಕ್ಕೆ ಕೂತವರಿದ್ದರೆ ಕ್ಷಮಿಸಬೇಕು.

ದಿನಕ್ಕೊಮ್ಮೆ ಹೊಟ್ಟೆ ಸಾಫಾಗಲೇಬೇಕು, ಇಲ್ಲದಿದ್ದರೆ ರೋಗ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ. ದಿನಕ್ಕೆ ಮೂರು ಸಲದಿಂದ ಹಿಡಿದು ವಾರಕ್ಕೆ ಮೂರು ಸಲದವರೆಗೆ ಯಾವುದೂ ಸಹಜವೇ. ನಾವು ತಿಂದ ರೊಟ್ಟಿ ಸುಮಾರು ಇಪ್ಪತ್ತು ಅಡಿಯ ಸಣ್ಣ ಕರುಳನ್ನು ದಾಟಿ, ಐದು ಅಡಿಯ ದೊಡ್ಡ ಕರುಳಿಗೆ ಬರುತ್ತದೆ. ಅಲ್ಲಿ ನೀರಿನ ಅಂಶ ಹೀರಿಹೋಗಿ ಗಟ್ಟಿಯಾಗುತ್ತದೆ. ಈ ಪ್ರಯಾಣಕ್ಕೆ ಒಬ್ಬರಿಗೆ ಒಂದು ದಿನ ಸಾಕು, ಇನ್ನೊಬ್ಬರಿಗೆ ಮೂರು ದಿನ ಬೇಕು. ಕರುಳು ಅವಸರ ಮಾಡಿದರೆ ನೀರಾಗಿ ಹೋಗುತ್ತದೆ, ತಡಮಾಡಿದರೆ ಕಲ್ಲಾಗುತ್ತದೆ. ಆದ್ದರಿಂದ ನೆರೆಮನೆಯವರ ಲೆಕ್ಕ ನಿಮಗೆ ಬೇಡ. ನಿಮ್ಮ ಹೊಟ್ಟೆಯ ರೂಢಿ ಏನು, ಅದು ಯಾವಾಗ ತಪ್ಪಿತು, ಎಷ್ಟು ದಿನದಿಂದ ತಪ್ಪಿದೆ ಎಂಬುದನ್ನು ನೀವು ತಿಳಿದಿರಬೇಕು.

ರೂಢಿ ತಪ್ಪುವುದಕ್ಕೆ ಹೆಚ್ಚಿನ ಸಲ ಕಾರಣ ನಮ್ಮ ತಾಟಿನಲ್ಲೇ ಇರುತ್ತದೆ. ಎಳ್ಳಮಾಸಿಯ ದಿನ ಹೊಲದಲ್ಲಿ ಕೂತು ಹಸಿ ಕಾಳು, ಸೊಪ್ಪು ಹಾಕಿದ ಭಜ್ಜಿಯನ್ನು ಅಂಬಲಿಯ ಜೊತೆ ಹೊಟ್ಟೆ ಬಿರಿಯುವಂತೆ ಉಂಡರೆ, ಮರುದಿನ ಎರಡು ಸಲ ಹೆಚ್ಚು ಓಡಬೇಕಾಗುವುದು ಸಹಜ. ಆಷಾಢ ಏಕಾದಶಿಗೆ ಸಾಬೂದಾಣಿ ಖಿಚಡಿಯ ಮೇಲೇ ದಿನ ಕಳೆದರೆ ಹೊಟ್ಟೆ ಕಟ್ಟುತ್ತದೆ. ಸಾಬೂದಾಣಿಯಲ್ಲಿ ನಾರು ಇಲ್ಲವೆನ್ನುವಷ್ಟು ಕಡಿಮೆ. ಜೋಳದ ರೊಟ್ಟಿ, ಪುಂಡಿಪಲ್ಲೆ ಉಂಡು ಬೆಳೆದ ಹುಡುಗ ಕಾಲೇಜಿಗೆಂದು ಪುಣೆಗೆ ಹೋಗಿ ಪಾವು, ಬಿಸ್ಕೀಟು, ಮೈದಾದ ಮೇಲೆ ಬದುಕತೊಡಗಿದರೆ ಅವನದೂ ಇದೇ ಗತಿ.

ಇನ್ನು ನೀರು. ನಮ್ಮದು ಬರದ ನಾಡು. 2016ರ ಬೇಸಿಗೆಯಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ತರಬೇಕಾಯಿತು. ಬಾವಿ ಬತ್ತಿ ಟ್ಯಾಂಕರ್ ಬಂದಾಗ, ಮೊದಲ ಮಳೆಗೆ ಹೊಲಸೆಲ್ಲ ಹರಿದು ಬಾವಿಗೆ ಸೇರಿದಾಗ, ಮನೆಮಂದಿಗೆಲ್ಲ ಒಟ್ಟಿಗೆ ಭೇದಿ ಹತ್ತಿದರೆ ದೃಷ್ಟಿ ತೆಗೆಯುವ ಮೊದಲು ಕೊಡದ ನೀರನ್ನು ನೋಡಿರಿ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಚಹಾ ಚಮಚೆಯಿಂದ ಸಮತಟ್ಟಾಗಿ ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸಿರಿ. ಉಪ್ಪು ಹೆಚ್ಚಾಗಬಾರದು. ಆಶಾ ತಾಯಿಯ ಹತ್ತಿರ ಓಆರ್‌ಎಸ್ ಪುಡಿ ಇದ್ದರೆ ಇನ್ನೂ ಒಳ್ಳೆಯದು. ಇದು ಬಡವರ ಮದ್ದೆಂದು ಮೂಗು ಮುರಿಯಬೇಡಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಬಾಟಲಿಗಳು ಮುಗಿಯುತ್ತ ಬಂದಾಗ ಡಾ. ದಿಲೀಪ ಮಹಾಲನಬಿಸ್ ಇಂಥದೇ ನೀರನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿ ಸಾವಿರಾರು ಜೀವ ಉಳಿಸಿದರು. ಭೇದಿಯಾದ ಮಗುವಿಗೆ ಹಾಲು, ಗಂಜಿ ಬಿಡಿಸಬಾರದು. ಕಣ್ಣು ಗುಳಿಬಿದ್ದು, ಉಚ್ಚೆ ಕಡಿಮೆಯಾಗಿ, ಮಗು ಮಂಕಾದರೆ ತಡಮಾಡದೆ ದವಾಖಾನೆಗೆ ಒಯ್ಯಿರಿ.

ಗುಳಿಗೆಗಳನ್ನೂ ಮರೆಯಬಾರದು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಗುಳಿಗೆ ಶುರುವಾದಾಗ ಕೆಲವರಿಗೆ ಭೇದಿಯಾಗುತ್ತದೆ. ಬಸುರಿಯರಿಗೆ ಕೊಡುವ ಕಬ್ಬಿಣಾಂಶದ ಗುಳಿಗೆ ಹೊಟ್ಟೆ ಕಟ್ಟಿಸುತ್ತದೆ, ಮಲ ಕಪ್ಪಾಗುತ್ತದೆ. ಅದಕ್ಕೆ ಹೆದರಿ ಗುಳಿಗೆ ಬಿಡಬೇಡಿ, ಬಾಯಿಗಳಿಗೆ ಹೇಳಿರಿ. ಆದರೆ ಅಂಥ ಗುಳಿಗೆ ತಿನ್ನದವರಿಗೆ ಮಲ ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ ಹೋದರೆ ಅದು ಬೇರೆ. ಮೊಣಕಾಲಿಗೆಂದು ಅಂಗಡಿಯಿಂದ ನೋವಿನ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗುವವರಿಗೆ ಜಠರದಲ್ಲಿ ಹುಣ್ಣಾಗಿ ರಕ್ತ ಸೋರಿದರೆ ಹೀಗೇ ಕಾಣುತ್ತದೆ.

ಮುಪ್ಪಿನವರದು ಇನ್ನೊಂದು ಪೇಚು. ನಾಲ್ಕೈದು ದಿನ ಕಟ್ಟಿದ ಹೊಟ್ಟೆ ಇದ್ದಕ್ಕಿದ್ದಂತೆ ನೀರು ನೀರಾಗಿ ಸೋರತೊಡಗುತ್ತದೆ. ಮನೆಯವರು ಭೇದಿಯೆಂದು ಭೇದಿ ನಿಲ್ಲುವ ಗುಳಿಗೆ ಕೊಡುತ್ತಾರೆ. ನಿಜದಲ್ಲಿ ಒಳಗೆ ಗಟ್ಟಿ ಮಲ ಸಿಕ್ಕಿಕೊಂಡಿದ್ದು, ಅದರ ಪಕ್ಕದಿಂದ ನೀರು ಸೋರುತ್ತಿರುತ್ತದೆ. ಗುಳಿಗೆ ಕೊಟ್ಟಷ್ಟೂ ಕಟ್ಟು ಬಿಗಿಯಾಗುತ್ತದೆ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಔಡಲೆಣ್ಣೆಯನ್ನಾಗಲಿ ಜುಲಾಬನ್ನಾಗಲಿ ಕೊಡಲೇಬಾರದು. ಅದು ರಾತ್ರಿಯಾದರೂ ಗಾಡಿ ಮಾಡಿಕೊಂಡು ಹೊರಡಬೇಕಾದ ಹೊತ್ತು.

ಇನ್ನೀಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ಮೇಲೆ ಹೇಳಿದ ಸಣ್ಣಪುಟ್ಟ ಏರುಪೇರು ಕೆಲವು ದಿನಗಳಲ್ಲಿ ಹಾದಿಗೆ ಬರುತ್ತದೆ. ಮೂರು ವಾರ ಕಳೆದರೂ ಬಾರದಿದ್ದರೆ, ಒಮ್ಮೆ ಕಟ್ಟಿ ಒಮ್ಮೆ ಹರಿದು ಆಟವಾಡುತ್ತಿದ್ದರೆ, ಹೋಗಿಬಂದರೂ ಪೂರ್ತಿಯಾಗಲಿಲ್ಲವೆನ್ನಿಸಿದರೆ, ನಿದ್ದೆಯಿಂದ ಎಬ್ಬಿಸಿ ಓಡಿಸಿದರೆ, ಕಾರಣವಿಲ್ಲದೆ ಮೈ ಇಳಿದರೆ, ಮುಖ ಬಿಳಿಚಿದರೆ ತೋರಿಸಲೇಬೇಕು. ನಲವತ್ತು-ಐವತ್ತು ದಾಟಿದವರಿಗಂತೂ ಇದು ಕಡ್ಡಾಯ. ರಕ್ತ ಬಿದ್ದರೆ ಮೂರು ವಾರವೂ ಕಾಯಬೇಡಿ.

ರಕ್ತ ಎಂದೊಡನೆ ನಮ್ಮವರ ಉತ್ತರ ಸಿದ್ಧ: “ಮೂಲವ್ಯಾಧಿ.” ಸಂತೆಯಲ್ಲಿ ಅದಕ್ಕೆ ಬೇರು ಮಾರುವವರಿದ್ದಾರೆ, ಗೋಡೆ ಗೋಡೆಗೆ ಅದರ ಜಾಹೀರಾತು ಇದೆ. ಬಹಳ ಸಲ ಅದು ಮೂಲವ್ಯಾಧಿಯೇ ಇರುತ್ತದೆ, ಒಪ್ಪುತ್ತೇನೆ. ಆದರೆ ದೊಡ್ಡ ಕರುಳಿನ ಕ್ಯಾನ್ಸರಿನ ರಕ್ತಕ್ಕೂ ಬಣ್ಣ ಕೆಂಪೇ. ವೈದ್ಯರು ಬೆರಳು ಹಾಕಿ ನೋಡದೆ, ಬೇಕಾದರೆ ದುರ್ಬೀನು ಹಾಕಿ ನೋಡದೆ ಎರಡನ್ನೂ ಬೇರ್ಪಡಿಸಿ ಹೇಳಲಾಗದು. ಈ ಕ್ಯಾನ್ಸರ್ ನಮ್ಮ ಹಳ್ಳಿಗಳಲ್ಲಿ ಕಡಿಮೆ, ನಿಜ. ಆದರೆ ಬೇಗ ಸಿಕ್ಕರೆ ಶಸ್ತ್ರಕ್ರಿಯೆಯಿಂದ ಗುಣವಾಗುವ ರೋಗವಿದು. ಸಂಕೋಚದಿಂದ ವರುಷ ಕಳೆದವರಿಗೆ ಆ ಅವಕಾಶ ಇರುವುದಿಲ್ಲ.

ಬೇಗ ಬಂದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ಬಾರ್ಶಿಯಲ್ಲಿ 1987ರಿಂದ ಗ್ರಾಮೀಣ ಕ್ಯಾನ್ಸರ್ ನೋಂದಣಿ ನಡೆದಿದೆ. ಭಾರತದಲ್ಲಿ ಹಳ್ಳಿಗಳಿಗಾಗಿ ಆರಂಭವಾದ ಮೊದಲ ನೋಂದಣಿ ಅದು. ಬಾರ್ಶಿ ತಾಲೂಕು ಮತ್ತು ನಮ್ಮದೇ ಜಿಲ್ಲೆಯ ಪರಂಡಾ, ಭೂಮ್ ತಾಲೂಕುಗಳ ಹಳ್ಳಿಗಳಿಗೆ ಅಲ್ಲಿನ ಕಾರ್ಯಕರ್ತರು ಹೋಗಿ, ಜನರ ನಡುವೆ ಕೂತು, ಯಾವ ಲಕ್ಷಣಕ್ಕೆ ದವಾಖಾನೆಗೆ ಬರಬೇಕೆಂದು ಹೇಳಿದರು. ಹೆಣ್ಣುಮಕ್ಕಳ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಮೊದಲಿಗಿಂತ ಆರಂಭದ ಹಂತದಲ್ಲೇ ಸಿಗತೊಡಗಿತು ಎಂದು 1995ರ ಹೊತ್ತಿಗೆ ಅವರು ಬರೆದರು. ಅದೂ ನಾಚಿಕೆಯ ರೋಗವೇ. ಹೊಸ ಯಂತ್ರ ಬಂದದ್ದಕ್ಕಲ್ಲ, ಹೆಂಗಸರು ಬಾಯಿಬಿಟ್ಟು ಹೇಳಿದ್ದಕ್ಕೆ ಹೀಗಾಯಿತು.

ಗಡಿಯ ನಮಗೆ ಭಾಷೆಯದೂ ಒಂದು ತೊಡಕು. ನಾವು ಜುಲಾಬು ಅಂದರೆ ಹೊಟ್ಟೆ ತೊಳೆಯಲು ತೆಗೆದುಕೊಳ್ಳುವ ಔಷಧಿ. ಮರಾಠಿ ಡಾಕ್ಟರರ ಕಿವಿಗೆ ಜುಲಾಬ ಅಂದರೆ ಹೆಚ್ಚಾಗಿ ಭೇದಿ. “ಪೋಟ ಸಾಫ್ ಹೋತ ನಾಹಿ” ಎಂದಷ್ಟೇ ಹೇಳಿ ಅಜ್ಜಿ ಸುಮ್ಮನಾದರೆ ಅವರು ಜುಲಾಬಿನ ಪುಡಿ ಬರೆದು ಕಳಿಸುತ್ತಾರೆ. ತಪ್ಪು ಅವರದಲ್ಲ. ಉಮರ್ಗಾಕ್ಕೋ ನಿಲಂಗಾಕ್ಕೋ ಉದಗೀರಕ್ಕೋ ಹೋಗುವಾಗ ಮರಾಠಿ ಬಲ್ಲ ಮಗಳನ್ನೋ ಸೊಸೆಯನ್ನೋ ಕರೆದುಕೊಂಡು ಹೋಗಿರಿ. ಮೊದಲು ದಿನಕ್ಕೆಷ್ಟು ಸಲ ಹೋಗುತ್ತಿದ್ದಿರಿ, ಈಗೆಷ್ಟು ಸಲ, ಎಂದಿನಿಂದ, ರಕ್ತ ಬಿತ್ತೇ, ಬಣ್ಣವೇನು, ಏನೇನು ಗುಳಿಗೆ ತಿನ್ನುತ್ತೀರಿ ಎಂಬುದನ್ನು ಚೀಟಿಯ ಮೇಲೆ ಬರೆಸಿಕೊಳ್ಳಿರಿ. ಗುಳಿಗೆಯ ಖಾಲಿ ಹಾಳೆಗಳೂ ಜೊತೆಗಿರಲಿ. ರಕ್ತ, ಮಲದ ಪರೀಕ್ಷೆ ಹತ್ತಿರದ ಸರಕಾರಿ ದವಾಖಾನೆಯಲ್ಲೇ ಆಗುತ್ತದೆ. ದುರ್ಬೀನು ಬೇಕಾದರೆ ಸೋಲಾಪುರ, ಲಾತೂರಿಗೆ ಅವರೇ ಚೀಟಿ ಕೊಡುತ್ತಾರೆ.