ಒಂದು ತೋಟಾ ಲೆಕ್ಕಕ್ಕೆ ಸಿಗದ ರಾತ್ರಿ

ಹೆಡ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿದ್ದೀರಾ? ಆರಾಮಾಗಿ ಕೇಳಿ. ಇವತ್ತಿನ ಎಪಿಸೋಡ್‌ನಲ್ಲಿ ಕೋವಿ ಇದೆ, ಗುಂಡು ಇದೆ, ಆದ್ರೆ ಫೈಟ್ ಇಲ್ಲ. ಒಂದು ಸ್ಟಾಕ್ ರಿಜಿಸ್ಟರ್ ಇದೆ. ಬಿಕಾಂ ಓದಿದವನಿಗೆ ಕೊನೆಗೂ ಎಲ್ಲೋ ಒಂದು ಕಡೆ ಬೆಲೆ ಸಿಕ್ತು ಅನ್ನೋ ಕಥೆ ಅಂತಲೂ ಅಂದುಕೊಳ್ಳಬಹುದು.

ಕಳೆದ ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೊಡಗಿನ ಒಬ್ಬ ಗೆಳತಿಯ ಮನೆಗೆ ಹೋಗಿದ್ದೆ. ಕೈಲ್ ಅಂದ್ರೆ ಆಯುಧ, ಪೊಳ್ದ್ ಅಂದ್ರೆ ಹಬ್ಬ. ಗದ್ದೆಯಲ್ಲಿ ನಾಟಿ ಮುಗಿದ ಮೇಲೆ ಬರುತ್ತೆ, ಸಾಮಾನ್ಯವಾಗಿ ಸೆಪ್ಟೆಂಬರ್ 3ಕ್ಕೆ. ಮನೆಯ ಕೋವಿ, ಕತ್ತಿಗಳನ್ನೆಲ್ಲ ಇಟ್ಟು ಪೂಜೆ ಮಾಡ್ತಾರೆ. ಊಟಕ್ಕೆ ಕಡಂಬುಟ್ಟು, ಪಂದಿ ಕರಿ. ಆಮೇಲೆ ಊರ ಮೈದಾನದಲ್ಲಿ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯೋ ಪಂದ್ಯ. ಗಂಡಸರೂ ಹೊಡೀತಾರೆ, ಹೆಂಗಸರೂ ಹೊಡೀತಾರೆ.

"ಮನೆಯಲ್ಲಿ ಕೋವಿ ಇಟ್ಕೊಳ್ಳೋಕೆ ಲೈಸೆನ್ಸ್ ಬೇಡವಾ?" ಅಂತ ನೀವು ಕೇಳ್ತೀರಿ. ನಾನೂ ಕೇಳಿದೆ. ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ, 1861ರಿಂದ ಈ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿ ಒಂದು ಕೇಸ್ ಆಯ್ತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿ ಸರಿ ಅಂತ ತೀರ್ಪು ಕೊಟ್ಟಿತು.

ಗೆಳತಿಯ ತಾತ ಫೌಜಿನಲ್ಲಿದ್ದವರು. ಈಗ ವಯಸ್ಸು 76. ನಿವೃತ್ತಿ ಆದ ಮೇಲೆ ಕಾಫಿ ತೋಟ, ಸಂಜೆಗೆ ಒಂದು ಪೆಗ್, ಮತ್ತೆ ಗುರಿ ಹೊಡೆಯೋ ಹವ್ಯಾಸ. ಬೇಟೆಯ ಮಾತು ಎತ್ತಿದ್ರೆ ಬೈತಾರೆ. ಅವರಿಗೆ ಬೇಕಾಗಿರೋದು ತೆಂಗಿನಕಾಯಿ ಮಾತ್ರ.

ಹಬ್ಬದ ಹಿಂದಿನ ಸಂಜೆ ಜಗಲಿಯಲ್ಲಿ ಕೂತು ಅವರು ತಮ್ಮ 12 ಬೋರ್ ಕೋವಿಗೆ ಎಣ್ಣೆ ಹಾಕ್ತಾ ಇದ್ರು. "12 ಅಂದ್ರೆ ಏನು ತಾತ, ಮಿಲಿಮೀಟರಾ?" ಅಂದೆ. ನಕ್ಕರು. ಒಂದು ಪೌಂಡ್ ಸೀಸ ತಗೊಂಡು ಸಮನಾದ 12 ಉಂಡೆ ಮಾಡಿದ್ರೆ, ಅದರಲ್ಲಿ ಒಂದು ಉಂಡೆ ಎಷ್ಟು ದಪ್ಪ ಇರುತ್ತೋ ನಳಿಗೆಯ ಬಾಯಿ ಅಷ್ಟು ಅಗಲ. ಅದಕ್ಕೇ 20 ಬೋರ್ ಅನ್ನೋದು 12ಕ್ಕಿಂತ ಸಣ್ಣದು. ನಾನು ಇಷ್ಟು ವರ್ಷ ಉಲ್ಟಾ ಅಂದುಕೊಂಡಿದ್ದೆ.

ಆಮೇಲೆ ಒಂದು ಹಳೇ ಪೆಟ್ಟಿಗೆ ತೋರಿಸಿದ್ರು. ಒಳಗೆ ಮಸುಕಾದ ಹಿತ್ತಾಳೆ ತೋಟಾಗಳು, ಎಲ್ಲ ಖಾಲಿ. ಅವರ ಅಪ್ಪನ ಕಾಲದವು. ಗುಂಡು ಹಾರಿದ ಮೇಲೆ ಮದ್ದು, ಕೇಪು, ಚರೆ ಮುಗಿದು ಹೋಗುತ್ತೆ, ಹಿತ್ತಾಳೆ ಉಳಿಯುತ್ತೆ. ಅದನ್ನೇ ಮತ್ತೆ ಮನೆಯಲ್ಲಿ ತುಂಬಿಸ್ತಿದ್ರಂತೆ. ಅಮೆರಿಕದಲ್ಲಿ ಇದು ಇವತ್ತಿಗೂ ದೊಡ್ಡ ಹವ್ಯಾಸ. ದುಡ್ಡು ಉಳಿಯುತ್ತೆ ಅಂತ ಕೆಲವರು, ಪ್ರತಿ ಗುಂಡೂ ಒಂದೇ ಥರ ಹೋಗ್ಬೇಕು ಅಂತ ಕೆಲವರು ಮಾಡ್ತಾರೆ. ನಮ್ಮಲ್ಲಿ ತೋಟಾ ತಯಾರಿಸೋಕೆ ಬೇರೆಯೇ ಲೈಸೆನ್ಸ್ ಬೇಕು. ತಾತ ಕೂಡ ಫ್ಯಾಕ್ಟರಿಯದ್ದನ್ನೇ ಅಂಗಡಿಯಿಂದ ತರ್ತಾರೆ.

"ಅಪ್ಪ ತುಂಬಿಸುವಾಗ ಯಾರೂ ಮಾತಾಡೋ ಹಾಗಿರಲಿಲ್ಲ. ಮಾತಾಡಿದ್ರೆ ಎಣಿಕೆ ತಪ್ಪುತ್ತೆ. ಎಣಿಕೆ ತಪ್ಪಿ ಒಂದಕ್ಕೆ ಎರಡು ಸಲ ಮದ್ದು ಬಿದ್ರೆ ನಳಿಗೆ ಒಡೆದು ಮುಖಕ್ಕೇ ಬರುತ್ತೆ," ಅಂದ್ರು.

ಎಣಿಕೆ ಅಂದ್ರೆ ಅವರಿಗೆ ಅಷ್ಟು ಮುಖ್ಯ. ಫೌಜಿನಲ್ಲೂ ಹಾಗೇ. ಫೈರಿಂಗ್ ಮುಗಿದ ಮೇಲೆ ಖಾಲಿ ಖೋಕಾಗಳನ್ನೆಲ್ಲ ಹೆಕ್ಕಿ ಲೆಕ್ಕ ಒಪ್ಪಿಸ್ಬೇಕು. ಒಂದು ಕಮ್ಮಿ ಆದ್ರೂ ಹುಲ್ಲಿನಲ್ಲಿ ಹುಡುಕ್ತಾ ಇರ್ಬೇಕು. ಆ ಅಭ್ಯಾಸ ಮನೆಗೂ ಬಂತು. ಕೈಲ್‌ಪೊಳ್ದ್‌ನಿಂದ ಕೈಲ್‌ಪೊಳ್ದ್‌ಗೆ ಅವರ ಆರ್ಥಿಕ ವರ್ಷ. ರಿಜಿಸ್ಟರ್ ನೋಡಿ ನನಗೆ ಖುಷಿಯಾಯ್ತು: ಆರಂಭದ ಶಿಲ್ಕು 18. ಖರೀದಿ 25. ಒಟ್ಟು 43. ಖರ್ಚು: ಪಂದ್ಯಕ್ಕೆ 3, ಅಭ್ಯಾಸಕ್ಕೆ 12, ಪುತ್ತರಿಗೆ 1, ಸಾವಿಗೆ 1. ಒಟ್ಟು 17. ಉಳಿದದ್ದು 26.

ಪೆಟ್ಟಿಗೆ ತೆಗೆದು ಎಣಿಸಿದ್ರು. 25.

ಮತ್ತೆ ಎಣಿಸಿದ್ರು. 25. ಗೆಳತಿಯ ಅಮ್ಮ ಎಣಿಸಿದ್ರು. 25.

ಒಂದು ತೋಟಾ ತಾನೇ ಅಂತ ನನಗೆ ಅನ್ನಿಸ್ತು. ಆದ್ರೆ ಮನೆಯಲ್ಲಿ ಹಬ್ಬಕ್ಕೆ ಬಂದ 6 ವರ್ಷದ ಅವಳಿ ಮಕ್ಕಳಿದ್ರು. ಒಳಗೆ ಸ್ಟೌ ಇದೆ, ಹೊರಗೆ ನೀರು ಕಾಯಿಸೋ ಒಲೆ ಉರೀತಾ ಇದೆ. ಕೆಂಪಗೆ ಚಂದ ಇರೋ ಒಂದು ಪ್ಲಾಸ್ಟಿಕ್ ಕೊಳವೆ ಮಕ್ಕಳ ಕೈಗೆ ಸಿಕ್ಕಿದ್ರೆ? ಯಾರಿಗೂ ಊಟ ಬೇಡವಾಯ್ತು. ಕೋಟಿನ ಜೇಬು, ಜೀಪಿನ ಸೀಟಿನಡಿ, ಅಕ್ಕಿ ಮೂಟೆ ಹಿಂದೆ, ಮಕ್ಕಳ ಬ್ಯಾಗು, ಎಲ್ಲ ಹುಡುಕಿದ್ವಿ. ಹೊರಗೆ ಮಳೆ. ತಾತ ಮಕ್ಕಳು ಮಲಗಿದ್ದ ಕೋಣೆಯ ಬಾಗಿಲಿಗೆ ಕುರ್ಚಿ ಹಾಕ್ಕೊಂಡು ಕೂತುಬಿಟ್ರು. ಕೈ ಸಣ್ಣಗೆ ನಡುಗ್ತಾ ಇತ್ತು.

ರಾತ್ರಿ ಹತ್ತೂವರೆ ಹೊತ್ತಿಗೆ ನನ್ನೊಳಗಿನ ಕಾಮರ್ಸ್ ಎದ್ದಿತು. ನಾವು ಒಂದೇ ಕಡೆ ಲೆಕ್ಕ ನೋಡ್ತಾ ಇದ್ದೀವಿ. ಡೆಬಿಟ್ ಇದ್ರೆ ಕ್ರೆಡಿಟ್ ಇರ್ಲೇಬೇಕು. "ತಾತ, ಈ ವರ್ಷದ ಖೋಕಾಗಳನ್ನ ಇಟ್ಟಿದ್ದೀರಾ?"

ಇಟ್ಟಿದ್ರು. ಒಂದು ಬಿಸ್ಕತ್ ಡಬ್ಬದಲ್ಲಿ. ಇಷ್ಟು ಹೊತ್ತು ಗಾಬರಿಯಲ್ಲಿ ಅವರಿಗೇ ಅದು ಹೊಳೆದಿರಲಿಲ್ಲ. ನೆಲದ ಮೇಲೆ ಸುರಿದು ಎಣಿಸಿದೆ. 17 ಇರ್ಬೇಕಿತ್ತು. 18 ಇತ್ತು.

ಅಂದ್ರೆ ತೋಟಾ ಕಳೆದಿಲ್ಲ. ಹಾರಿಸಿದ್ದಾರೆ, ಬರೆದಿಲ್ಲ. ನನಗೆ ಉಸಿರು ಬಂತು. ಗೆದ್ದೆ ಅಂತ ತಲೆ ಎತ್ತಿದ್ರೆ ಗೆಳತಿಯ ಅಮ್ಮ ರಿಜಿಸ್ಟರಿನ ಒಂದು ಸಾಲಿನ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕೂತಿದ್ರು. ಮಾರ್ಚ್ ತಿಂಗಳು. "ಸಾವು: 1."

"ಮಾವ," ಅಂದ್ರು ಮೆಲ್ಲಗೆ, "ಸಾವಿಗೆ ಎರಡಲ್ವಾ?"

ಕೊಡಗಿನಲ್ಲಿ ಗಂಡು ಮಗು ಹುಟ್ಟಿದ್ರೆ ಒಂದು ಗುಂಡು ಹಾರಿಸೋದು ಸಂಪ್ರದಾಯ. ಸಾವಾದ್ರೆ ಎರಡು. ಮಾರ್ಚ್‌ನಲ್ಲಿ ತೀರಿಹೋದವರು ಪಕ್ಕದ ಊರಿನ ಅವರ ಗೆಳೆಯ. ಜೊತೆಯಲ್ಲೇ ಫೌಜಿಗೆ ಸೇರಿದವರಂತೆ. ಆ ದಿನ ಎರಡು ಗುಂಡು ಹಾರಿಸಿದ್ದು ತಾತನೇ. ಊರೆಲ್ಲ ಕೇಳಿದೆ.

ತಾತ ಆ ಸಾಲನ್ನು ತುಂಬಾ ಹೊತ್ತು ನೋಡಿದ್ರು. "ಮೊದಲನೇದು ನೆನಪಿದೆ ಮಗಾ. ಎರಡನೇದು ಹೊಡೆದದ್ದು ನೆನಪಿಲ್ಲ," ಅಂದ್ರು.

ದುಃಖದಲ್ಲಿ ಹಾಗಾಗುತ್ತೆ ತಾತ, ಅಂತ ಗೆಳತಿ ಸಮಾಧಾನ ಹೇಳಿದಳು. ಅವರು ಕೇಳಲಿಲ್ಲ. ಇದು ಮೊದಲನೇ ಸಲ ಅಲ್ಲವಂತೆ. ಜುಲೈನಲ್ಲಿ ಗೇಟಿನ ಬೀಗ, ಆಗಸ್ಟ್‌ನಲ್ಲಿ ಬ್ಯಾಂಕಿನ ಪಾಸ್‌ಬುಕ್. ಯಾರಿಗೂ ಹೇಳಿರಲಿಲ್ಲ. ಸೊಂಟದಿಂದ ಬೀರುವಿನ ಕೀಲಿ ತೆಗೆದು ಸೊಸೆಯ ಕೈಗೆ ಕೊಟ್ರು. "ಕೈ ನಡುಗಿದ್ರೆ ಗುರಿ ತಪ್ಪುತ್ತೆ, ಅಷ್ಟೇ. ಮರೆವು ಬಂದವನ ಹತ್ರ ಇದು ಇರಬಾರದು. ಕಾಗದಪತ್ರ ಆಮೇಲೆ ನೋಡೋಣ. ಮೊದಲು ಕೀಲಿ ಇಟ್ಕೋ."

ಅವರು ಬೇಡ ಅನ್ನಲಿಲ್ಲ. ತಗೊಂಡ್ರು. ನನಗೆ ಅದು ಇಷ್ಟವಾಯ್ತು. ನಮ್ಮನೆಯಲ್ಲಾಗಿದ್ರೆ "ಏನೂ ಆಗಿಲ್ಲ ಬಿಡಿ ಅಪ್ಪಾ" ಅಂತ ಕೀಲಿಯನ್ನ ವಾಪಸ್ ಅವರ ಜೇಬಿಗೇ ಹಾಕ್ತಿದ್ವಿ. ಅದನ್ನೇ ಪ್ರೀತಿ ಅಂತಲೂ ಅಂದುಕೊಳ್ತಿದ್ವಿ.

ಮಾರನೇ ದಿನ ಪಂದ್ಯದಲ್ಲಿ ತಾತ ಕೋವಿ ಮುಟ್ಟಲಿಲ್ಲ. ಸೊಸೆ ಮೂರು ಗುಂಡು ಹೊಡೆದ್ರು, ಮೂರನೇದಕ್ಕೆ ಕಾಯಿ ಚೂರಾಯ್ತು. ಹಿಂದೆ ನಿಂತಿದ್ದ ತಾತ ಬಗ್ಗಿ ಖೋಕಾ ಹೆಕ್ಕಿದ್ರು. ಮೂರೂ ಸಿಗೋವರೆಗೆ ಮೈದಾನ ಬಿಡಲಿಲ್ಲ. ಸಂಜೆ ರಿಜಿಸ್ಟರಿನಲ್ಲಿ ಮಾರ್ಚ್‌ನ ಸಾಲು ತಿದ್ದಿ 2 ಮಾಡಿದ್ರು, ಪಕ್ಕದಲ್ಲಿ ಸಹಿ ಹಾಕಿದ್ರು. ಹೊಸ ವರ್ಷದ ಮೊದಲ ಸಾಲು ಸೊಸೆಯ ಅಕ್ಷರದಲ್ಲಿದೆ: ಆರಂಭದ ಶಿಲ್ಕು 25, ಪಂದ್ಯಕ್ಕೆ 3.

ಮರುವಾರ ಅವರನ್ನು ಮೈಸೂರಿಗೆ ಡಾಕ್ಟರ್ ಹತ್ರ ಕರ್ಕೊಂಡು ಹೋದ್ರು. ಚಿಕಿತ್ಸೆ ನಡೀತಾ ಇದೆ. ಈ ಕಥೆ ಹೇಳೋಕೆ ಅವರೇ ಒಪ್ಪಿಗೆ ಕೊಟ್ಟಿದ್ದಾರೆ, ಹೆಸರು ಬೇಡ ಅಂದಿದ್ದಾರೆ.

ನಿಮ್ಮ ಮನೆಯಲ್ಲಿ ಕೋವಿ ಇಲ್ಲದೇ ಇರಬಹುದು. ಸ್ಕೂಟರ್ ಕೀಲಿ ಇದೆ, ಗ್ಯಾಸ್ ಇದೆ, ಎಟಿಎಂ ಪಿನ್ ಇದೆ, ಬಿಪಿ ಮಾತ್ರೆ ಇದೆ. ಈ ವಾರ ಊರಿಗೆ ಫೋನ್ ಮಾಡಿದಾಗ "ಊಟ ಆಯ್ತಾ" ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಇತ್ತೀಚೆಗೆ ಏನಾದ್ರೂ ಮರೆತು ಹೋಗ್ತಾ ಇದೆಯಾ? ಉತ್ತರ ಬರೋಕೆ ಸ್ವಲ್ಪ ಹೊತ್ತಾಗಬಹುದು. ಲೈನಲ್ಲೇ ಇರಿ.

ಮುಂದಿನ ವಾರ ಸಿಗೋಣ.