ಮಗುವಿನ ಕೋಣೆಗೆ ಕಾಂಕ್ರೀಟ್ ಲುಕ್: ಮಾಡಿಸೋ ಮುಂಚೆ ಇದನ್ನೊಮ್ಮೆ ಕೇಳಿ

ಇನ್‌ಸ್ಟಾಗ್ರಾಮ್ ತೆಗೆದರೆ ಸಾಕು, ಬೂದು ಗೋಡೆ, ಕಾಂಕ್ರೀಟ್ ಕಟ್ಟೆ ಮೇಲೆ ಹಾಸಿಗೆ, ಮೂಲೆಯಲ್ಲೊಂದು ಲ್ಯಾಂಪ್. ಇದಕ್ಕೆ ಬ್ರೂಟಲಿಸ್ಟ್ ಇಂಟೀರಿಯರ್ ಅಂತಾರೆ. ನೋಡೋಕೆ ಸಖತ್ತಾಗಿರುತ್ತೆ, ನಿಜ. ಆದರೆ ಮಗುವಿನ ಬೆಡ್‌ರೂಮನ್ನೂ ಹೀಗೇ ಮಾಡಿಸೋಣ ಅಂತ ನೀವು ಯೋಚಿಸ್ತಾ ಇದ್ದರೆ, ಇವತ್ತಿನ ಎಪಿಸೋಡ್ ನಿಮಗೇ.

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. ಬ್ರೂಟಲ್ ಅಂದ ಕೂಡಲೇ ಕ್ರೂರ ಅನ್ನೋ ಅರ್ಥ ಹೊಳೆಯುತ್ತೆ. ಈ ಹೆಸರಿನ ಬೇರು ಇರೋದು ಫ್ರೆಂಚಿನ 'ಬೆತಾಂ ಬ್ರೂ' ಅನ್ನೋ ಮಾತಲ್ಲಿ. ಬಣ್ಣ, ಪ್ಲಾಸ್ಟರ್ ಏನೂ ಬಳಿಯದ ಕಚ್ಚಾ ಕಾಂಕ್ರೀಟ್ ಅಂತ ಅದರರ್ಥ. ವಾಸ್ತುಶಿಲ್ಪಿ ಲೆ ಕಾರ್ಬುಸಿಯೇ ಇದನ್ನು ಜನಪ್ರಿಯ ಮಾಡಿದ್ರು. ಪ್ಯಾರಿಸ್‌ನಲ್ಲಿ ಅವರ ಹತ್ತಿರ ಕೆಲಸ ಮಾಡಿದ ಬಾಲಕೃಷ್ಣ ದೋಶಿ, ಮುಂದೆ ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂ ಕ್ಯಾಂಪಸ್ ವಿನ್ಯಾಸ ಮಾಡಿದ್ರು. ಅಲ್ಲಿ ಒರಟು ಕಲ್ಲು, ಬೋಳು ಕಾಂಕ್ರೀಟ್ ಇದೆ. ಜೊತೆಗೆ ಬಳ್ಳಿ, ನೆರಳು, ಬಿಸಿಲೂ ಇದೆ. ಆ ಜಾಗ ತಣ್ಣಗೆ ಅನ್ನಿಸೋದು ಅದಕ್ಕೇ.

ಈ ಶೈಲಿಗೂ ಮಕ್ಕಳಿಗೂ ಹಳೇ ನಂಟಿದೆ. ಕಾರ್ಬುಸಿಯೇ ಅವರ ಪ್ರಸಿದ್ಧ ವಸತಿ ಸಮುಚ್ಚಯ ಫ್ರಾನ್ಸಿನ ಮಾರ್ಸೇಯಲ್ಲಿ 1952ರಲ್ಲಿ ಮುಗೀತು. ಅದರೊಳಗಿನ ಮಕ್ಕಳ ಕೋಣೆಗಳು ಸುಮಾರು ಆರೇ ಅಡಿ ಅಗಲ. ಆದರೆ ಅಕ್ಕಪಕ್ಕದ ಎರಡು ಕೋಣೆಗಳ ನಡುವೆ ಸರಿಸೋ ಬಾಗಿಲು ಇಟ್ಟು, ಅದನ್ನೇ ಕಪ್ಪು ಹಲಗೆ ಮಾಡಿದ್ರು. ಮುಚ್ಚಿದ್ರೆ ಗೀಚೋಕೆ ಬೋರ್ಡು, ತೆಗೆದ್ರೆ ಎರಡೂ ಸೇರಿ ಆಟದ ಜಾಗ. ಅಂದ್ರೆ ಅಲ್ಲಿ ಪ್ಲಾನ್ ಶುರುವಾಗಿದ್ದು ಮಗು ಏನು ಮಾಡುತ್ತೆ ಅನ್ನೋದ್ರಿಂದ. ನಾವು ರೀಲ್ಸ್ ನೋಡಿ ಬೂದು ಬಣ್ಣ ಮಾತ್ರ ಕಾಪಿ ಮಾಡಿದ್ರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತೆ.

ಈಗ ರಿಸ್ಕ್ ವಿಷಯಕ್ಕೆ ಬರೋಣ. ಒಂದನೇದು ತೂಕ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಗಟ್ಟಿ ಕಾಂಕ್ರೀಟ್ ಮಂಚ ಹಾಕಿಸಿದ್ರಿ ಅಂದ್ಕೊಳ್ಳಿ. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2,400 ಕೆಜಿ. ಲೆಕ್ಕ ಹಾಕಿದ್ರೆ ಮಂಚದ ತೂಕ 1,440 ಕೆಜಿ! ಸಣ್ಣ ಹ್ಯಾಚ್‌ಬ್ಯಾಕ್ ಕಾರಿಗಿಂತ ಜಾಸ್ತಿ. ಮನೆಗಳಲ್ಲಿ ಜನ, ಪೀಠೋಪಕರಣ ಎಲ್ಲ ಸೇರಿ ಚದರ ಮೀಟರ್‌ಗೆ ಸುಮಾರು 200 ಕೆಜಿ ಭಾರಕ್ಕೆ ನೆಲವನ್ನು ಡಿಸೈನ್ ಮಾಡಿರ್ತಾರೆ. ಈ ಮಂಚ ಹೇರೋದು 720. ಸ್ಟ್ರಕ್ಚರಲ್ ಎಂಜಿನಿಯರ್‌ನ ಕೇಳದೆ ಫ್ಲ್ಯಾಟ್‌ನಲ್ಲಿ ಇದಕ್ಕೆ ಕೈ ಹಾಕಲೇಬೇಡಿ.

ಎರಡನೇದು ಧೂಳು. ಹಳೇ ಗೋಡೆ ಕೆರೆದು ಕಾಂಕ್ರೀಟ್ ತೋರಿಸೋಣ ಅಂತ ಕೆಲವರು ಹೊರಡ್ತಾರೆ. ಆ ಧೂಳಿನಲ್ಲಿರೋ ಸಿಲಿಕಾ ಶ್ವಾಸಕೋಶಕ್ಕೆ ಅಪಾಯ. ಇನ್ನೂ ದೊಡ್ಡ ಸಮಸ್ಯೆ ಸೀಸ. ಮನೆ ಪೇಂಟ್‌ನಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಪೇಂಟ್ ಆದ್ರೆ ಸೀಸ ಇರಬಹುದು. ಅದು ಮಕ್ಕಳ ಮೆದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತೆ. ಹಾಗಾಗಿ ಒಣ ಗೋಡೆಯನ್ನು ಉಜ್ಜಿಸಬೇಡಿ. ಕೆಲಸ ಮುಗಿದು, ಒದ್ದೆ ಬಟ್ಟೆಯಲ್ಲಿ ಪೂರ್ತಿ ಒರೆಸೋವರೆಗೂ ಮಗುವನ್ನು ಆ ಮನೆಯಲ್ಲೇ ಇಟ್ಕೋಬೇಡಿ.

ಮೂರನೇದು ಸದ್ದು. ಬೋಳು ಕಾಂಕ್ರೀಟ್ ತನ್ನ ಮೇಲೆ ಬಿದ್ದ ಶಬ್ದವನ್ನು ಹೆಚ್ಚುಕಡಿಮೆ ಪೂರ್ತಿ ವಾಪಸ್ ಎಸೆಯುತ್ತೆ. ಖಾಲಿ ಕಲ್ಯಾಣ ಮಂಟಪದಲ್ಲಿ ಮಾತಾಡಿದ ಹಾಗೆ. ಆಗತಾನೇ ಮಾತು ಕಲೀತಿರೋ ಮಗುವಿಗೆ ಅಕ್ಷರ ಸ್ಪಷ್ಟವಾಗಿ ಕೇಳೋದು ಮುಖ್ಯ. ಟಾಪ್ ಫ್ಲೋರ್ ಆದ್ರೆ ಶಾಖದ ಕಾಟ ಬೇರೆ, ಹಗಲು ಕುಡಿದ ಬಿಸಿಯನ್ನು ಸ್ಲ್ಯಾಬ್ ರಾತ್ರಿ ಹೊರಗೆ ಬಿಡುತ್ತೆ.

ಹಾಗಾದ್ರೆ ಈ ಸ್ಟೈಲ್ ಬೇಡವೇ ಬೇಡ್ವಾ? ಬೇಕಿದ್ರೆ ಒಂದು ಒಳ್ಳೇ ದಾರಿ ಇದೆ. 2015ರಲ್ಲಿ ಲಂಡನ್ನಿನಲ್ಲಿ ಅಸೆಂಬಲ್ ಅನ್ನೋ ತಂಡ, ಕಲಾವಿದ ಸೈಮನ್ ಟೆರಿಲ್ ಜೊತೆ ಸೇರಿ, ಹಳೇ ಕಾಂಕ್ರೀಟ್ ಆಟದ ಮೈದಾನಗಳನ್ನು ಮತ್ತೆ ಕಟ್ಟಿತು. ಆಕಾರ ಅದೇ, ವಸ್ತು ಮಾತ್ರ ಫೋಮ್. ನಾವೂ ಇದೇ ಸೂತ್ರ ಹಿಡಿಯೋಣ: ಆಕಾರ ದಪ್ಪ, ಸ್ಪರ್ಶ ಮೆತ್ತಗೆ.

ಒಂದೇ ಗೋಡೆಗೆ ಸುಣ್ಣದ ಪ್ಲಾಸ್ಟರ್ ಅಥವಾ ಕೆಲವೇ ಮಿಲಿಮೀಟರ್ ದಪ್ಪದ ಮೈಕ್ರೋಸಿಮೆಂಟ್ ಸಾಕು. ಅದು ಉದುರದ ಹಾಗೆ ಸೀಲ್ ಮಾಡಿಸಿ. ಮಂಚ ಪ್ಲೈವುಡ್‌ನದ್ದಿರಲಿ, ತಗ್ಗಾಗಿರಲಿ, ಅಂಚು ದುಂಡಗಿರಲಿ. ನೆಲಕ್ಕೆ ನಮ್ಮ ಶಹಾಬಾದ್ ಕಲ್ಲು ಅಥವಾ ಅಜ್ಜಿ ಮನೆಯ ರೆಡ್ ಆಕ್ಸೈಡ್ ಇದ್ದೇ ಇದೆ. ಅದರ ಮೇಲೆ ನವಲಗುಂದದ ಜಮಖಾನೆ ಹಾಸಿ, ಗೋಡೆಗೆ ಒಂದು ಕೌದಿ ತೂಗುಹಾಕಿ. ಬಣ್ಣವೂ ಬಂತು, ಎಕೋನೂ ಕಡಿಮೆ ಆಯ್ತು. ಕಪಾಟುಗಳನ್ನು ಗೋಡೆಗೆ ಬಿಗಿಯಾಗಿ ಸ್ಕ್ರೂ ಮಾಡಿಸಿ. ಒಂದು ಗೋಡೆ ಮಾತ್ರ ಗೀಚೋಕೆ ಬಿಟ್ಟುಬಿಡಿ.

ಕೊನೇದಾಗಿ ಒಂದು ಟೆಸ್ಟ್. ಆ ಕೋಣೆಯಲ್ಲಿ ಮಂಡಿಯೂರಿ ಕೂತು, ಮಗುವಿನ ಎತ್ತರದಿಂದ ನೋಡಿ. ಎಲ್ಲಿ ತಲೆ ತಾಗುತ್ತೆ, ಕಿಟಕಿ ಕಾಣುತ್ತಾ, ಅಡಗಿ ಕೂರೋಕೆ ಮೂಲೆ ಇದೆಯಾ ಅಂತ ಗಮನಿಸಿ. ಮಗು ಮಾತಾಡೋ ವಯಸ್ಸಾಗಿದ್ರೆ ಅದನ್ನೂ ಕೇಳಿ. ಹಳದಿ ಬೇಕು ಅಂದ್ರೆ ಹಳದಿ ಇರಲಿ ಬಿಡಿ. ರೀಲ್ಸ್ ನೋಡೋದು ನೀವು, ರಾತ್ರಿ ಲೈಟ್ ಆರಿಸಿದ ಮೇಲೆ ಅಲ್ಲಿ ಮಲಗೋದು ಅವರು.

ಮನೆ ಮಾಡಿಸ್ತಿರೋ ಸ್ನೇಹಿತರಿದ್ರೆ ಈ ಎಪಿಸೋಡ್ ಕಳಿಸಿ.