ಮೂಕ ನಗೆಯ ಹುಟ್ಟು

(ವಾಚನಾಲಯದ ಸಂಜೆಯ ಕೂಟದಲ್ಲಿ ಮಾಡಿದ ಭಾಷಣ)



ಚಾರ್ಲಿ ಚಾಪ್ಲಿನ್ನನ ಮೂಕಚಿತ್ರ ನೋಡಿ ನಗುವುದಕ್ಕೆ ಇಂಗ್ಲಿಷು ಬರಬೇಕೆಂದಿಲ್ಲ. ಪರಭಾಷೆಯ ಊರಿನಲ್ಲಿ ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಇದು ಸಣ್ಣ ಉಪಕಾರವಲ್ಲ. ಆದರೆ ಆ ಮಾತಿಲ್ಲದ ನಗೆ ಎಲ್ಲಿಂದ ಬಂತೆಂದು ಹುಡುಕಹೊರಟರೆ ನಾವು ಹೋಗಿ ನಿಲ್ಲುವುದು ಒಂದು ಕಾಯಿದೆಯ ಮುಂದೆ.

1737ರಲ್ಲಿ ಇಂಗ್ಲೆಂಡಿನ ಸರ್ಕಾರವು ನಾಟಕಗಳಿಗೆ ಕಡಿವಾಣ ಹಾಕಿತು. ಹೊಸ ನಾಟಕವೆಂದರೆ ಅರಮನೆಯ ಅಧಿಕಾರಿಯಾದ ಲಾರ್ಡ್ ಚೇಂಬರ್ಲೇನನ ಒಪ್ಪಿಗೆ ಬೇಕು. ಲಂಡನ್ನಿನಲ್ಲಿ ಮಾತಿನ ನಾಟಕವಾಡುವ ಹಕ್ಕು ಮುಖ್ಯವಾಗಿ ಡ್ರೂರಿ ಲೇನ್, ಕೋವೆಂಟ್ ಗಾರ್ಡನ್ ಎಂಬ ಎರಡು ರಂಗಮಂದಿರಗಳ ಸೊತ್ತು. ಉಳಿದವರಿಗೆ ಹಾಡು, ಕುಣಿತ, ಮೂಕಾಭಿನಯಗಳೇ ಗತಿ. 1843ರ ಕಾಯಿದೆಯು ಈ ಏಕಸ್ವಾಮ್ಯವನ್ನು ಮುರಿಯಿತು, ನಿಜ. ಆದರೆ ಜನ ಕುಳಿತಲ್ಲಿಯೇ ಕುಡಿದು ಹೊಗೆ ಸೇದುವ ಸಭಾಂಗಣಗಳಿಗೆ ನಾಟಕದ ಪರವಾನಗಿ ಸಿಗಲಿಲ್ಲ. ದುಡಿಯುವ ಜನ ಸೇರುತ್ತಿದ್ದುದೋ ಅಲ್ಲಿಯೇ! 1852ರಲ್ಲಿ ಚಾರ್ಲ್ಸ್ ಮಾರ್ಟನ್ ಎಂಬಾತನು ಲ್ಯಾಂಬೆತ್ತಿನಲ್ಲಿ ಕ್ಯಾಂಟರ್ಬರಿ ಹಾಲ್ ತೆರೆದನು. ಅಂಥ ಮನೆಗಳಿಗೆ ಮ್ಯೂಸಿಕ್ ಹಾಲ್ ಎಂಬ ಹೆಸರು ನಿಂತಿತು.

ಬಾಯಿಗೆ ತಡೆಯಿದ್ದಲ್ಲಿ ಮೈಯೇ ಮಾತನಾಡಿತು. ಫ್ರೆಡ್ ಕಾರ್ನೋ ಎಂಬ ಯಜಮಾನನು ಬೀಳುವುದು, ಏಳುವುದು, ಎಡವುವುದು ಇವನ್ನೇ ವಿದ್ಯೆಯಾಗಿ ಕಲಿಸಿ ಮೂಕ ಪ್ರಹಸನಗಳನ್ನು ಕಟ್ಟಿದನು. ಚಾಪ್ಲಿನ್ ಆ ಮೇಳವನ್ನು ಸೇರಿದ್ದು 1908ರಲ್ಲಿ. ತಾಯಿ ಮ್ಯೂಸಿಕ್ ಹಾಲಿನ ಗಾಯಕಿ. ಅವಳ ಕಂಠ ಕೈಕೊಟ್ಟ ಮೇಲೆ ಮಗನು ಬಡವರ ದುಡಿಮೆಮನೆಯ ಗಂಜಿಯನ್ನೂ ಕಂಡವನು. 1910ರಲ್ಲಿ ಮೇಳ ಅಮೆರಿಕಕ್ಕೆ ಹೋಯಿತು. ಮುಂದೆ ಹಾರ್ಡಿಯ ಜೊತೆಗಾರನಾದ ಸ್ಟ್ಯಾನ್ ಲಾರೆಲ್ ಕೂಡ ಅದರಲ್ಲಿದ್ದನು.

ಅಮೆರಿಕದಲ್ಲಿ ಇದಕ್ಕೆ ಸರಿಸಮನಾದುದು ವಾಡೆವಿಲ್. ಟೋನಿ ಪಾಸ್ಟರನು 1881ರಲ್ಲಿ ನ್ಯೂಯಾರ್ಕಿನಲ್ಲಿ ಹೆಂಗಸರು ಮಕ್ಕಳೂ ಸಂಕೋಚವಿಲ್ಲದೆ ಬಂದು ನೋಡುವಂಥ ಆಟಗಳನ್ನು ನಡೆಸಿದನು. ಈ ರಂಗದಲ್ಲಿ ಪಳಗಿದವರೇ ಸಿನಿಮಾಕ್ಕೆ ಹೋದರು. 1914ರಲ್ಲಿ ಚಾಪ್ಲಿನ್ನನ ಅಲೆಮಾರಿಯು ತೆರೆಯ ಮೇಲೆ ಕಾಣಿಸಿಕೊಂಡನು.

ಎಲ್ಲ ನಗೆಯೂ ನಿರ್ಮಲವಾಗಿತ್ತೆಂದು ನಾವು ಹೇಳಲಾರೆವು. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಹಂಗಿಸುವ ಆಟಗಳು ಅಮೆರಿಕದಲ್ಲಿ ಬಹುಕಾಲ ನಡೆದವು. ಮಹಾ ಹಾಸ್ಯಗಾರ ಬರ್ಟ್ ವಿಲಿಯಮ್ಸ್ ಸ್ವತಃ ಕಪ್ಪು ಜನಾಂಗದವನು. ಅವನೂ ಮಸಿ ಬಳಿದುಕೊಂಡೇ ರಂಗಕ್ಕೆ ಬರಬೇಕಾಯಿತು. ನಗಿಸಿದವನ ಅಳಲನ್ನು ಕೇಳಿದವರು ಎಷ್ಟು ಮಂದಿ?

ಕೊನೆಗೊಂದು ಮಾತು. 1907ರಲ್ಲಿ ಲಂಡನ್ನಿನ ಮ್ಯೂಸಿಕ್ ಹಾಲುಗಳಲ್ಲಿ ಮುಷ್ಕರವಾಯಿತು. ಮಾಲೀಕರು ಹೆಚ್ಚಿನ ಆಟಗಳನ್ನು ಆಡಿಸಿ ಅದಕ್ಕೆ ಕೂಲಿ ಕೊಡುತ್ತಿರಲಿಲ್ಲ. ಮೇರಿ ಲಾಯ್ಡ್ ಆಗ ರಂಗದ ರಾಣಿ. ಕೇಳಿದಷ್ಟು ಹಣ ಪಡೆಯಬಲ್ಲವಳು. ಆದರೂ ಆಕೆ ಚಿಕ್ಕ ಸಂಬಳದ ಸಂಗಡಿಗರಿಗಾಗಿ ಬಾಗಿಲ ಹೊರಗೆ ಬಂದು ನಿಂತಳು. ಮಧ್ಯಸ್ಥಿಕೆ ನಡೆದು ದುಡಿಮೆಯ ಷರತ್ತುಗಳು ಸುಧಾರಿಸಿದವು.

ಲಾರ್ಡ್ ಚೇಂಬರ್ಲೇನನ ಕತ್ತರಿ ತುಕ್ಕು ಹಿಡಿದದ್ದು 1968ರಲ್ಲಿ. ಅಷ್ಟರಲ್ಲಿ ಮೂಕ ನಗೆಯು ಲೋಕವನ್ನೆಲ್ಲ ಸುತ್ತಿ ಬಂದಿತ್ತು. ಬಡವರ ಬಾಯಿಗೆ ಬೀಗ ಹಾಕಿದ ಕಾಯಿದೆಯೇ ಯಾವ ಭಾಷೆಯ ಹಂಗೂ ಇಲ್ಲದ ಕಲೆಯನ್ನು ಬೆಳೆಸಿತು. ಮುಂದಿನ ಸಲ ಚಾಪ್ಲಿನ್ ಎಡವಿ ಬಿದ್ದಾಗ ನಾವೆಲ್ಲ ನಗೋಣ. ನಗುತ್ತ, ಆ ಬೀಳುವಿಕೆಯ ಹಿಂದಿರುವ ದುಡಿಮೆಯನ್ನೂ ನೆನೆಯೋಣ.